ತೌಡು ಯಾರ ಪಾಲು?

ಹಾನಗಲ್ಲು, ಶಿಕಾರಿಪುರ, ಸೊರಬದ ಕಡೆಯಿಂದ ಘಟ್ಟದ ಸೆರಗಿನತ್ತ ಬಸ್ಸಿನಲ್ಲಿ ಬರುವವರಿಗೆ ರಸ್ತೆಯಂಚಿನ ದಿಣ್ಣೆಗಳ ಮೇಲೆ ಅಲ್ಲಲ್ಲಿ ಉದ್ದನೆಯ ಕಟ್ಟಡಗಳು ಕಾಣಿಸುತ್ತವೆ. ತಗಡಿನ ಮಾಡು, ಎರಡೂ ಬದಿಗೆ ತಂತಿಬಲೆ, ಬಲೆಯ ಮೇಲೆ ಇಳಿಬಿಟ್ಟ ಗೋಣಿಯ ಪರದೆ. ಹತ್ತಿರ ಹೋದರೆ ವಾಸನೆಯೇ ಪರಿಚಯ ಹೇಳುತ್ತದೆ. ಇವು ಮಾಂಸದ ಕೋಳಿಗಳ, ಎಂದರೆ ಬ್ರಾಯ್ಲರ್ ಕೋಳಿಗಳ ಶೆಡ್ಡುಗಳು. ಅಡಿಕೆಗೆ ಎಲೆಚುಕ್ಕಿ ರೋಗ ಬಂದು, ಕಾಳುಮೆಣಸಿಗೆ ಸೊರಗು ರೋಗ ತಗುಲಿ, ಭತ್ತದ ಬೇಸಾಯದಲ್ಲಿ ಕೂಲಿಯೂ ಹುಟ್ಟದೆ ಕಂಗೆಟ್ಟ ಮನೆಗಳ ಯುವಕರು ಸಾಲ ಮಾಡಿ ಇಂಥವನ್ನು ಕಟ್ಟಿಸಲು ಮುಂದಾಗುತ್ತಾರೆ. ಅವರನ್ನು ದೂರುವ ಅಧಿಕಾರ ನಮಗಿಲ್ಲ. ಊರು ಬಿಟ್ಟು ಬೆಂಗಳೂರು ಸೇರುವ ಬದಲು ಊರಿನಲ್ಲೇ ಏನಾದರೊಂದು ಮಾಡಿ ಬದುಕಬೇಕೆಂಬ ಹಂಬಲ ಅದರ ಹಿಂದಿದೆ.

ಇಂಥ ಯುವಕರಿಗೆ ತರಬೇತಿಗಳಲ್ಲಿ, ಕರಪತ್ರಗಳಲ್ಲಿ ಒಂದು ಉಪದೇಶ ತಪ್ಪದೆ ದೊರೆಯುತ್ತದೆ. ಕೋಳಿ ಸಾಕಣೆಯ ಖರ್ಚಿನಲ್ಲಿ ಶೇ. 65ರಿಂದ 70 ಮೇವಿನದೇ. ಹೊಲ, ಗದ್ದೆ, ತೋಟಗಳಲ್ಲಿ ಹಾಳಾಗಿ ಹೋಗುವ ಕೃಷಿ ಉಳಿಕೆಗಳನ್ನು ಮೇವಾಗಿಸಿದರೆ ಆ ಖರ್ಚು ಇಳಿಯುತ್ತದೆ, ಪರಿಸರಕ್ಕೂ ಒಳಿತು ಎಂಬುದೇ ಆ ಮಾತು. ಕೇಳಲು ಹಿತವಾಗಿದೆ. ಕಸದಿಂದ ರಸ ತೆಗೆಯುವ ಮಾತಿಗೆ ನಮ್ಮಂಥ ಪರಿಸರದವರು ತಲೆದೂಗುವುದು ಸಹಜ. ನಾವೂ ತಲೆದೂಗಿದ್ದೇವೆ. ಆದರೆ ಆ ಉಪದೇಶದೊಳಗಿನ 'ಹಾಳಾಗಿ ಹೋಗುವ' ಎಂಬ ಎರಡು ಪದಗಳ ಮೇಲೆ ಸ್ವಲ್ಪ ನಿಲ್ಲಬೇಕಾಗಿದೆ. ಮಲೆನಾಡಿನ ಯಾವ ಮನೆಯಲ್ಲಿ ತೌಡು ಹಾಳಾಗಿ ಹೋಗುತ್ತಿತ್ತು?

ಕೋಳಿಯ ಮಾತು ಈ ಪತ್ರಿಕೆಯಲ್ಲೇಕೆ ಎಂದು ಹುಬ್ಬೇರಿಸುವ ಓದುಗರೂ ಇದ್ದಾರೆಂದು ನಮಗೆ ಗೊತ್ತು. ಉಣ್ಣುವುದು, ಬಿಡುವುದು ಅವರವರ ಮನೆಯ ಸಂಗತಿ. ಕೋಳಿಯ ಮೇವು ಯಾವ ನೆಲದಿಂದ ಬರುತ್ತದೆ, ಹಿಕ್ಕೆ ಯಾವ ಹಳ್ಳಕ್ಕೆ ಇಳಿಯುತ್ತದೆ ಎಂಬುದು ಊರಿನ ಸಂಗತಿ. ತೋಟಕ್ಕೆ ಲೋಡುಗಟ್ಟಲೆ ಕೋಳಿಗೊಬ್ಬರ ತರಿಸುವವರಲ್ಲಿ ಕೋಳಿ ತಿನ್ನದವರೂ ಇದ್ದಾರೆ.

ಹಿತ್ತಿಲ ಕೋಳಿ ನಮಗೆ ಹೊಸತಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಹೇಂಟೆ ತನ್ನ ಮರಿಗಳೊಡನೆ ನೇರವಾಗಿ ಗೊಬ್ಬರಗುಂಡಿಗೆ ಹೋಗುತ್ತಿತ್ತು. ಅಲ್ಲಿ ಹುಳು, ಕಣದಲ್ಲಿ ಉದುರಿದ ಕಾಳು, ಕೊಟ್ಟಿಗೆಯಲ್ಲಿ ಉಣ್ಣಿ, ತೋಟದ ದರಕಿನಡಿಯಲ್ಲಿ ಗೆದ್ದಲು. ಅಕ್ಕಿ ಕೇರಿದಾಗ ಒಂದು ಹಿಡಿ ನುಚ್ಚು. ಮಳೆಗಾಲದಲ್ಲಿ ಮರಿಗಳಿಗೆಂದು ಗೆದ್ದಲು ಹಿಡಿದ ಮರದ ತುಂಡನ್ನು ಹೊತ್ತು ತಂದು ಅಂಗಳದಲ್ಲಿ ಒಡೆಯುತ್ತಿದ್ದ ಅಜ್ಜಿಯರನ್ನು ಕಂಡವರು ಇನ್ನೂ ಇದ್ದಾರೆ. ಒಂದು ಮನೆಗೆ ಹತ್ತು ಹದಿನೈದು ಕೋಳಿ. ಹರಕೆಗೆ ಒಂದು, ನೆಂಟರು ಬಂದಾಗ ಒಂದು, ಕೈಕಾಸಿಗೆಂದು ಸಂತೆಗೆ ಎರಡು. ಅದಕ್ಕಿಂತ ಹೆಚ್ಚು ಏಕೆ ಸಾಕುತ್ತಿರಲಿಲ್ಲ ಎಂದರೆ ಕಾಡುಬೆಕ್ಕು, ಮುಂಗುಸಿ, ಕೊಕ್ಕರೆ ರೋಗ ಎಲ್ಲವೂ ಕಾರಣವೇ. ಆದರೆ ಮುಖ್ಯ ಕಾರಣ ಬೇರೆ. ಅದಕ್ಕಿಂತ ಹೆಚ್ಚು ಕೋಳಿಗೆ ಆ ಮನೆಯ ಉಳಿಕೆ ಸಾಲುತ್ತಿರಲಿಲ್ಲ.

ಬ್ರಾಯ್ಲರಿನ ಸಂಗತಿಯೇ ಬೇರೆ. ಆರು ವಾರದೊಳಗೆ ಎರಡು ಕಿಲೋ ತೂಗುವಂತೆ ತಲೆಮಾರುಗಳ ಆಯ್ಕೆಯಿಂದ ರೂಪಿಸಿದ ಹಕ್ಕಿ ಅದು. ಆ ವೇಗಕ್ಕೆ ತಕ್ಕ ಮೇವು ಬೇಕು. ಮೊದಲ ದಿನಗಳ ಮೇವಿನಲ್ಲಿ ಶೇ. 22-23, ಕೊನೆಯ ಹಂತದಲ್ಲಿ ಶೇ. 19-20ರಷ್ಟು ಸಸಾರಜನಕ ಇರಬೇಕು. ನಾರಿನ ಅಂಶ ಶೇ. 5ರ ಆಸುಪಾಸಿನಲ್ಲಿ ನಿಲ್ಲಬೇಕು. ಹಸುವಿಗಿರುವಂತೆ ನಾರನ್ನು ಕೊಳೆಸಿ ಅರಗಿಸುವ ಹೊಟ್ಟೆ ಕೋಳಿಗೆ ಇಲ್ಲ. ಆದ್ದರಿಂದಲೇ ಅದರ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಕಾಲು ಭಾಗಕ್ಕಿಂತ ಹೆಚ್ಚು ಸೋಯಾ ಹಿಂಡಿ. ಮಿಕ್ಕದ್ದರಲ್ಲಿ ಎಣ್ಣೆ, ಖನಿಜ, ಜೀವಸತ್ವ, ಕಾರ್ಖಾನೆಯಲ್ಲಿ ತಯಾರಾದ ಮಿಥಿಯೋನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳು. ಜಗತ್ತಿನ ಜಾನುವಾರುಗಳೆಲ್ಲ ಸೇರಿ ತಿನ್ನುವ ಮೇವಿನಲ್ಲಿ ಒಣ ತೂಕದ ಲೆಕ್ಕಕ್ಕೆ ಶೇ. 86ರಷ್ಟು ಮನುಷ್ಯರು ತಿನ್ನಲಾಗದ ವಸ್ತು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿದ್ದರು. ಹುಲ್ಲು, ಸೊಪ್ಪೆ ತಿನ್ನುವ ದನ, ಕುರಿಗಳಿಂದಾಗಿ ಬಂದ ಅಂಕಿ ಅದು. ಫಾರಂ ಕೋಳಿ ಆ ಸಾಲಿಗೆ ಸೇರುವುದಿಲ್ಲ. ಅದು ಕಾಳು ತಿನ್ನುವ ಪ್ರಾಣಿ.

ಹಾಗಿದ್ದರೆ ಶೆಡ್ಡು ಕಟ್ಟಿಸಿದ ಯುವಕ ತನ್ನ ಗದ್ದೆಯ ತೌಡನ್ನು ಅದರಲ್ಲಿ ಬೆರೆಸಬಹುದೆ? ನಮ್ಮ ಕಡೆ ಹೆಚ್ಚು ಪ್ರಚಾರದಲ್ಲಿರುವ ಗುತ್ತಿಗೆ ಸಾಕಣೆಯಲ್ಲಿ ಬೆರೆಸುವಂತಿಲ್ಲ. ಅಲ್ಲಿ ಮರಿ ಕಂಪನಿಯದು, ಮೇವು ಕಂಪನಿಯದು, ಔಷಧ ಕಂಪನಿಯದು. ರೈತನದು ಶೆಡ್ಡು, ನೀರು, ವಿದ್ಯುತ್ತು, ದುಡಿಮೆ ಮತ್ತು ಸಾಲ. ಹೊಲಿದ ಚೀಲದಲ್ಲಿ ಬಂದ ಮೇವನ್ನು ಬಿಚ್ಚಿ ಸುರಿಯುವುದಷ್ಟೇ ಅವನ ಪಾಲಿನ ಕೆಲಸ. ಎಷ್ಟು ಮೇವಿಗೆ ಎಷ್ಟು ತೂಕ ಬಂತೆಂಬುದರ ಮೇಲೆ ಅವನ ಸಾಕಣೆ ಕೂಲಿ ನಿರ್ಧಾರವಾಗುತ್ತದೆ. ಕೃಷಿ ಉಳಿಕೆಯ ಬಳಕೆಯೇನೋ ಅಲ್ಲಿಯೂ ನಡೆಯುತ್ತದೆ. ಆದರೆ ಅದು ಮೇವಿನ ಕಾರ್ಖಾನೆಯಲ್ಲಿ. ಎಣ್ಣೆ ತೆಗೆದ ತೌಡು, ಮೆಕ್ಕೆಜೋಳದ ಗ್ಲುಟೆನ್, ಎಥನಾಲ್ ಘಟಕದಿಂದ ಬಂದ ಒಣ ಗಸಿ, ಮೀನುಪುಡಿ, ಯಾವುದು ಆ ವಾರ ಅಗ್ಗವೋ ಅದು ಸೂತ್ರದೊಳಗೆ ಸೇರುತ್ತದೆ. ಅದರ ಉಳಿತಾಯ ಯಾರಿಗೆ ಸೇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗುತ್ತಿಗೆಯ ಹಂಗಿಲ್ಲದೆ ಸ್ವಂತವಾಗಿ ಸಾಕುವವರೂ ಇದ್ದಾರಲ್ಲ, ಅವರ ಲೆಕ್ಕವನ್ನಾದರೂ ನೋಡೋಣ. ಐದು ಸಾವಿರ ಬ್ರಾಯ್ಲರುಗಳ ಒಂದು ಶೆಡ್ಡು. ಒಂದು ಕೋಳಿ ಎರಡು ಕಿಲೋ ತೂಗುವಷ್ಟರಲ್ಲಿ ಸುಮಾರು 3.3 ಕಿಲೋ ಮೇವು ತಿಂದಿರುತ್ತದೆ. ಒಂದು ಬ್ಯಾಚಿಗೆ ಹದಿನಾರೂವರೆ ಟನ್. ವರ್ಷಕ್ಕೆ ಆರು ಬ್ಯಾಚು ಎಂದರೆ ಹತ್ತಿರ ಹತ್ತಿರ ನೂರು ಟನ್. ಇದರಲ್ಲಿ ಕೇವಲ ಹತ್ತನೇ ಒಂದು ಪಾಲು ತೌಡು ಬೆರೆಸುತ್ತೇವೆಂದರೆ ಹತ್ತು ಟನ್ ತೌಡು ಬೇಕು. ನೂರು ಕಿಲೋ ಭತ್ತ ಗಿರಣಿಗೆ ಹಾಕಿದರೆ ಇಪ್ಪತ್ತು ಕಿಲೋ ಉಮಿ, ಆರರಿಂದ ಎಂಟು ಕಿಲೋ ತೌಡು ಬರುತ್ತದೆ. ಏಳು ಕಿಲೋ ಎಂದಿಟ್ಟುಕೊಂಡರೂ ಹತ್ತು ಟನ್ ತೌಡಿಗೆ 143 ಟನ್ ಭತ್ತ ಆಗಬೇಕು. ಎಕರೆಗೆ 20 ಕ್ವಿಂಟಾಲಿನಂತೆ ಎಪ್ಪತ್ತು ಎಕರೆ ಗದ್ದೆ. ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯ ಇಡೀ ಬಯಲಿನ ತೌಡು ಒಂದೇ ಒಂದು ಶೆಡ್ಡಿನ ಹತ್ತನೇ ಒಂದು ಪಾಲಿನ ಹಸಿವಿಗೆ! ಉಳಿದ ಪಾಲಿನಲ್ಲಿ 55 ಟನ್ ಮೆಕ್ಕೆಜೋಳವಿದೆ. ಎಕರೆಗೆ ಇಪ್ಪತ್ತು ಕ್ವಿಂಟಾಲೆಂದರೂ ಅದಕ್ಕೆ ಇಪ್ಪತ್ತೇಳು ಎಕರೆಗೂ ಹೆಚ್ಚು ಹೊಲ ಬೇಕು. ಸೊರಬ, ಶಿಕಾರಿಪುರಗಳ ಕಾನಿನಂಚಿನ ನೆಲದಲ್ಲಿ ಮೆಕ್ಕೆಜೋಳ ನಿಂತಿರುವುದನ್ನು ಕಂಡವರಿಗೆ ಆ ಹೊಲ ಎಲ್ಲಿಂದ ಬರುತ್ತದೆಂಬುದೂ ಗೊತ್ತು.

ಇನ್ನು ಆ ತೌಡಿಗೆ ಈಗಾಗಲೇ ಹಕ್ಕುದಾರರಿದ್ದಾರೆ. ಎರಡು ಎಕರೆ ಗದ್ದೆಯ ಮನೆಯೊಂದನ್ನು ತೆಗೆದುಕೊಳ್ಳಿ. ನಲವತ್ತು ಕ್ವಿಂಟಾಲು ಭತ್ತವನ್ನೂ ಮಾರದೆ ಅಕ್ಕಿ ಮಾಡಿಸಿದರೆ ವರ್ಷಕ್ಕೆ 280 ಕಿಲೋ ತೌಡು. ಕರೆಯುವ ಒಂದು ಮಲೆನಾಡು ಗಿಡ್ಡಕ್ಕೆ ದಿನಕ್ಕೆ ಅರ್ಧ ಕಿಲೋ ತೌಡು ಕಲಗಚ್ಚಿಗೆ ಬೆರೆಸಿದರೂ 180 ಕಿಲೋ ಅಲ್ಲೇ ಮುಗಿಯಿತು. ಮಿಕ್ಕದ್ದು ನೂರು ಕಿಲೋ. ಎರಡನೆಯ ಆಕಳು ಇದ್ದರೆ ಅದೂ ಇಲ್ಲ. ಹಲವೆಡೆ ಅಕ್ಕಿ ಮಾಡಿಸಿದ ಕೂಲಿಗೆಂದು ತೌಡನ್ನು ಗಿರಣಿಯಲ್ಲೇ ಬಿಟ್ಟು ಬರುವ ರೂಢಿಯೂ ಉಂಟು. ಆಗ ಮನೆಗೆ ಬರುವುದು ಅಕ್ಕಿ ಮತ್ತು ನುಚ್ಚು ಮಾತ್ರ. ಭತ್ತದ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟವರ ಮನೆಗೆ ಅಕ್ಕಿಯೂ ಚೀಲದಲ್ಲಿ, ತೌಡೂ ಚೀಲದಲ್ಲಿ. ಗಂಗಾವತಿ, ಸಿಂಧನೂರುಗಳ ಗಿರಣಿಗಳಿಂದ ಹೊರಟ ತೌಡು ಎಣ್ಣೆ ತೆಗೆಯುವ ಘಟಕವನ್ನು ಹೊಕ್ಕು, ಪಶು ಆಹಾರದ ಚೀಲ ಸೇರಿ, ಘಟ್ಟ ಹತ್ತುತ್ತದೆ. ಬೆಳೆ ಹೋದ ಮೇಲೆ ಬೆಳೆಯ ಉಳಿಕೆಯ ಮಾತೆಲ್ಲಿ? ಗದ್ದೆ ತೋಟವಾಗುವುದರ ವಿರುದ್ಧ ನಾವು ನೀರಿನ ಹೆಸರಿನಲ್ಲಿ, ಕಪ್ಪೆ, ಏಡಿ, ಹಕ್ಕಿಗಳ ಹೆಸರಿನಲ್ಲಿ ಬರೆದಿದ್ದೇವೆ. ಹುಲ್ಲು, ತೌಡು, ನುಚ್ಚು, ಜೊಳ್ಳುಗಳ ಹೆಸರಿನಲ್ಲಿ ಬರೆಯದೆ ಹೋದದ್ದು ನಮ್ಮ ಲೋಪ.

ತೌಡಿಗೆ ಎಂಥ ಬೇಡಿಕೆಯಿದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಎಣ್ಣೆ ತೆಗೆದ ತೌಡಿನ ರಫ್ತನ್ನೇ ನಿಷೇಧಿಸಿತು. ಮೇವಿನ ಬೆಲೆ ಏರಿ ಹಾಲಿನ ದರವೂ ಏರಿದ್ದ ಕಾಲ ಅದು. ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷೇಧ ಜಾರಿಯಲ್ಲಿತ್ತು. ಒಂದು ದೇಶ ತನ್ನ 'ಕಸ'ವನ್ನು ಗಡಿ ದಾಟದಂತೆ ಕಾಯುತ್ತದೆಯೆ?

ಉಳಿಕೆಯೆಂಬ ಹೆಸರಿನಲ್ಲಿ ಆರಂಭವಾದ ಬಳಕೆ ಬೇಡಿಕೆ ಬೆಳೆದಂತೆ ಏನಾಗುತ್ತದೆಂಬುದಕ್ಕೆ ಘಟ್ಟದ ಕೆಳಗೆ ಒಂದು ಪಾಠವಿದೆ. ಮೀನುಪುಡಿ ಕೋಳಿಗೆ ಅತ್ಯುತ್ತಮ ಮೇವು. ಕಾಳಿನಲ್ಲಿ ಕೊರತೆಯಿರುವ ಅಮೈನೋ ಆಮ್ಲಗಳೆಲ್ಲ ಅದರಲ್ಲಿವೆ. ಮಾರಾಟವಾಗದೆ ಉಳಿದ, ಹಳಸಿದ ಮೀನನ್ನು ಒಣಗಿಸಿ ಪುಡಿ ಮಾಡಿದರೆ ಯಾರಿಗೂ ತಕರಾರಿಲ್ಲ. ನಮ್ಮ ಕರಾವಳಿಯಲ್ಲಿ ಕಾರ್ಖಾನೆಗಳು ಬಂದವು, ಮೀನಿನೆಣ್ಣೆಗೆ ಹೊರದೇಶದ ಬೇಡಿಕೆ ಬಂತು, ಸಿಗಡಿ ಹೊಂಡಗಳಿಗೂ ಪುಡಿ ಬೇಕಾಯಿತು. ಆಮೇಲೆ ಜನ ತಿನ್ನಬಹುದಾದ ಬೂತಾಯಿಯೂ, ಇನ್ನೂ ಬೆಳೆಯಬೇಕಾದ ಮರಿಮೀನೂ ಬಲೆಯಿಂದ ನೇರವಾಗಿ ಲಾರಿಗೆ ಏರತೊಡಗಿದವು. ಮರಿಮೀನು ಹಿಡಿಯುವುದರ ವಿರುದ್ಧ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮತ್ತೆ ಮತ್ತೆ ಎಚ್ಚರಿಸಿದೆ. ಉಳಿದದ್ದನ್ನು ಬಳಸಲು ಹೂಡಿದ ಯಂತ್ರ ಉಳಿಯದಿದ್ದಾಗ ಸುಮ್ಮನೆ ಕೂರುವುದಿಲ್ಲ.

ಮೆಕ್ಕೆಜೋಳ, ಸೋಯಾಗಳ ಪೇಟೆಯಂತೂ ಹಳ್ಳಿಯ ಸಾಕಣೆಗಾರನ ಕೈಗೆ ಎಂದೂ ಸಿಕ್ಕದು. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಗಗನಕ್ಕೇರಿದಾಗ, ಕುಲಾಂತರಿ ಸೋಯಾದಿಂದ ತೆಗೆದ 12 ಲಕ್ಷ ಟನ್ ಹಿಂಡಿಯ ಆಮದಿಗೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಕುಲಾಂತರಿ ಆಹಾರ ಬೆಳೆ ಬೇಡವೆಂದು ನಾವು ಊರೂರಿನಲ್ಲಿ ಸಭೆ ನಡೆಸಿದ್ದೆವು. ಅದು ಕೋಳಿಯ ಹೊಟ್ಟೆಯ ದಾರಿಯಿಂದ ಬಂತು. ಮುಂದೆ ಎಥನಾಲಿಗೆ ಮೆಕ್ಕೆಜೋಳ ಬಳಸುವ ನೀತಿ ಬಂದು, ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮೆಕ್ಕೆಜೋಳವನ್ನು ಆಮದು ಮಾಡಿಕೊಂಡಿತು. ಮರುವರ್ಷವೇ ಚಿತ್ರ ತಿರುಗಿತು. 2025ರ ನವೆಂಬರಿನಲ್ಲಿ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಪೇಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ದರ ಕಂಡು ಹಾವೇರಿ, ಗದಗಿನ ರೈತರು ಬೀದಿಗಿಳಿದರು. ಈ ಏರಿಳಿತದ ಹಗ್ಗದ ಮೇಲೆ ಸಾಲದ ಶೆಡ್ಡು ನಿಂತಿದೆ. ಆದ್ದರಿಂದ ಮನೆಯ ಮೇವಿನ ಹುಡುಕಾಟ ತಪ್ಪಲ್ಲ, ಅಗತ್ಯವೇ. ಯಾವ ಕೋಳಿಗೆ, ಎಷ್ಟು ಕೋಳಿಗೆ ಎಂಬುದೇ ಪ್ರಶ್ನೆ.

ಇಲ್ಲಿ ನಮ್ಮವರೇ ಆಡುವ ಒಂದು ಅರ್ಧಸತ್ಯವನ್ನೂ ತಿದ್ದಬೇಕು. ಬ್ರಾಯ್ಲರು ಕೆಟ್ಟದ್ದು, ನಾಟಿಕೋಳಿ ಪರಿಸರಸ್ನೇಹಿ ಎಂಬ ಮಾತು ಯಾವಾಗಲೂ ನಿಜವಲ್ಲ. ಬ್ರಾಯ್ಲರು ಒಂದು ಕಿಲೋ ತೂಕಕ್ಕೆ ಒಂದೂವರೆಯಿಂದ ಒಂದೂಮುಕ್ಕಾಲು ಕಿಲೋ ಮೇವು ತಿಂದರೆ, ನಿಧಾನ ಬೆಳೆಯುವ ಕೋಳಿಗೆ ಮೂರು ಕಿಲೋ ಅಥವಾ ಅದಕ್ಕೂ ಹೆಚ್ಚು ಬೇಕು. ಪೇಟೆಯಲ್ಲಿ ನಾಟಿಕೋಳಿಗೆ ಒಳ್ಳೆಯ ಬೆಲೆಯಿದೆಯೆಂದು ಸಾವಿರ ನಾಟಿಕೋಳಿಗಳನ್ನು ಬಲೆಯೊಳಗೆ ಕೂಡಿ ಚೀಲದ ಮೆಕ್ಕೆಜೋಳ ಸುರಿದರೆ, ಕಿಲೋ ಮಾಂಸಕ್ಕೆ ಬ್ರಾಯ್ಲರಿಗಿಂತ ಹೆಚ್ಚು ಹೊಲವನ್ನು ಅದು ತಿಂದುಹಾಕುತ್ತದೆ. ನಿಧಾನದ ಕೋಳಿ ನೆಲಕ್ಕೆ ಹಗುರವಾಗುವುದು ಅದರ ಮೇವಿನ ದೊಡ್ಡ ಪಾಲು ಬೇರೆ ಯಾರೂ ತಿನ್ನದ ವಸ್ತುವಾದಾಗ ಮಾತ್ರ. ಹುಳು, ಗೆದ್ದಲು, ಕಳೆಬೀಜ, ಜೊಳ್ಳು, ಅಡುಗೆಮನೆಯ ಉಳಿಕೆ ಇವುಗಳಿಂದ ಅರ್ಧ ಹೊಟ್ಟೆ ತುಂಬಿಕೊಂಡು ಉಳಿದರ್ಧಕ್ಕೆ ಮಾತ್ರ ನಮ್ಮ ಕೈ ನೋಡುವ ಕೋಳಿ ಅದು. ಎಂದರೆ ಕೋಳಿಗಳ ಸಂಖ್ಯೆಯನ್ನು ಉಳಿಕೆ ನಿರ್ಧರಿಸಬೇಕು. ಕೋಳಿಗಳ ಸಂಖ್ಯೆ ಮೊದಲೇ ನಿರ್ಧಾರವಾಗಿ ಉಳಿಕೆಯನ್ನು ಹುಡುಕಿಕೊಂಡು ಹೊರಟರೆ ಎಪ್ಪತ್ತು ಎಕರೆಯ ಲೆಕ್ಕವೇ ಎದುರಾಗುತ್ತದೆ.

ಮೇಲೆ ಹೇಳಿದ ಎರಡೆಕರೆಯ ಮನೆಯಲ್ಲಿ ಉಳಿದ ನೂರು ಕಿಲೋ ತೌಡನ್ನು ನೆನಪಿಸಿಕೊಳ್ಳಿ. ಹಿತ್ತಿಲಲ್ಲಿ ಅಡ್ಡಾಡುವ ಕೋಳಿಗೆ ದಿನಕ್ಕೆ ಹದಿನೈದು ಗ್ರಾಮಿನಂತೆ ನಾಲ್ಕು ತಿಂಗಳಿಗೆ ಎರಡು ಕಿಲೋಗಿಂತ ತುಸು ಕಡಿಮೆ ತೌಡು ಬೇಕು. ಎಂದರೆ ವರ್ಷಕ್ಕೆ ಸುಮಾರು ಐವತ್ತು ಕೋಳಿ. ಐದು ಸಾವಿರವಲ್ಲ, ಐವತ್ತು. ಆದರೆ ಈ ಐವತ್ತಕ್ಕೆ ಕಂಪನಿಯ ಗುತ್ತಿಗೆ ಬೇಡ, ತಗಡಿನ ಶೆಡ್ಡು ಬೇಡ, ಬ್ಯಾಂಕಿನ ಕಂತು ಬೇಡ. ಊರಿನಲ್ಲಿ ಇಂಥ ನಲವತ್ತು ಮನೆಯಿದ್ದರೆ ವರ್ಷಕ್ಕೆ ಎರಡು ಸಾವಿರ ಕೋಳಿ. ಹಿಕ್ಕೆಯೂ ನಲವತ್ತು ಗೊಬ್ಬರಗುಂಡಿಗಳಿಗೆ ಹಂಚಿಹೋಗುತ್ತದೆ, ಒಂದೇ ಹಳ್ಳದ ದಂಡೆಯಲ್ಲಿ ರಾಶಿ ಬೀಳುವುದಿಲ್ಲ, ನೊಣದ ಕಾಟಕ್ಕೆ ಊರು ಊಟ ಬಿಡಬೇಕಾಗುವುದಿಲ್ಲ.

ತಳಿಯ ಮಾತು ಹೆಚ್ಚು ಬೆಳೆಸುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ವಿಜ್ಞಾನಿಗಳು 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ, ಹೈದರಾಬಾದಿನ ವನರಾಜ ಇವು ಹಿತ್ತಿಲಿಗೆಂದೇ ರೂಪಿಸಿದವು. ಊರ ಕೋಳಿಗಿಂತ ಬೇಗ ತೂಗುತ್ತವೆ, ಬ್ರಾಯ್ಲರಿನಷ್ಟು ನಾಜೂಕಲ್ಲ. ಆದರೆ ಗಿರಿರಾಜ ಕಾವು ಕೂರುವುದಿಲ್ಲ. ಮರಿಗೆ ಪ್ರತಿಸಲವೂ ಹೊರಗೆ ಕೈಯೊಡ್ಡಬೇಕು. ಊರ ಹೇಂಟೆ ಕಾವು ಕೂರುತ್ತದೆ, ಗಿಡುಗನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಎರಡನ್ನೂ ಸಾಕುವ ಜಾಣರು ಗಿರಿರಾಜದ ಮೊಟ್ಟೆಯನ್ನು ಊರ ಹೇಂಟೆಯಡಿ ಇಡುತ್ತಾರೆ.

ಇನ್ನು ಯಾವ ಉಳಿಕೆ ಮೇವು, ಯಾವುದು ಅಲ್ಲ ಎಂಬುದನ್ನು ವಿದ್ಯಾರ್ಥಿ ಓದುಗರಿಗಾಗಿ ತುಸು ವಿವರವಾಗಿ ಹೇಳಬೇಕು. ತೌಡಿನಲ್ಲಿ ಶೇ. 12ರಿಂದ 14 ಸಸಾರಜನಕ, ಹೆಚ್ಚುಕಡಿಮೆ ಅಷ್ಟೇ ಎಣ್ಣೆ. ಅಕ್ಕಿಯಿಂದ ಬೇರ್ಪಟ್ಟ ಕ್ಷಣದಿಂದಲೇ ತೌಡಿನೊಳಗಿನ ಲೈಪೇಸ್ ಎಂಬ ಕಿಣ್ವ ಆ ಎಣ್ಣೆಯನ್ನು ಒಡೆಯತೊಡಗುತ್ತದೆ. ಕೆಲವೇ ದಿನಗಳಲ್ಲಿ ಕಮಟು ವಾಸನೆ, ಕಹಿ. ತಿಂಗಳುಗಟ್ಟಲೆ ಚೀಲದಲ್ಲಿಟ್ಟ ತೌಡನ್ನು ಕೋಳಿ ಮೂಸಿಯೂ ನೋಡದಿದ್ದರೆ ತಪ್ಪು ಕೋಳಿಯದಲ್ಲ. ಒಮ್ಮೆಗೆ ಎರಡು ವಾರದ ಅಕ್ಕಿ ಮಾಡಿಸುವವರಿಗೆ ಈ ತೊಂದರೆಯಿಲ್ಲ. ತೌಡನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದಿಟ್ಟರೆ ಇನ್ನಷ್ಟು ದಿನ ತಡೆಯುತ್ತದೆ. ಎರಡನೆಯದು, ಹಳೆಯ ಹಲ್ಲರ್ ಗಿರಣಿಯ ತೌಡಿನಲ್ಲಿ ಉಮಿಯೂ ಬೆರೆತಿರುತ್ತದೆ. ಹಸು ಅದನ್ನು ಸಹಿಸೀತು, ಮರಿಕೋಳಿ ಸಹಿಸದು. ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಿ, ಜರಡಿಯ ಕೆಳಗೆ ಬಿದ್ದದ್ದನ್ನು ಮಾತ್ರ ಕೋಳಿಗೆ ಕೊಡಬೇಕು. ತೌಡಿನಲ್ಲಿರುವ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿ ಕಟ್ಟಿಬಿದ್ದಿರುವುದರಿಂದ ಕೋಳಿಗೆ ದಕ್ಕದೆ ಹಿಕ್ಕೆಯಲ್ಲಿ ಹೊರಬೀಳುತ್ತದೆ ಎಂಬುದೂ ತಿಳಿದಿರಲಿ. ತೋಟಕ್ಕೆ ಒಳ್ಳೆಯದು, ಕೆರೆಗೆ ಇಳಿದರೆ ಪಾಚಿ.

ಮಲೆನಾಡಿನಲ್ಲಿ ನಿಜವಾಗಿಯೂ ಹಾಳಾಗುವುದು ಹಲಸು. ಆಷಾಢದ ಮಳೆಯಲ್ಲಿ ಮರದಡಿ ಒಡೆದು ಕೊಳೆಯುವ ಹಣ್ಣಿನ ಬೀಜಗಳನ್ನು ಲೆಕ್ಕ ಹಾಕಿದವರಿಲ್ಲ. ಪಿಷ್ಟ ತುಂಬಿದ, ಒಣಗಿಸಿದರೆ ಶೇ. 10ಕ್ಕೂ ಹೆಚ್ಚು ಸಸಾರಜನಕವಿರುವ ಬೀಜ ಅದು. ಹಸಿಯಾಗಿ ಕೊಡುವಂತಿಲ್ಲ. ಜೀರ್ಣಕ್ಕೆ ಅಡ್ಡಿ ಮಾಡುವ ಟ್ರಿಪ್ಸಿನ್ ನಿರೋಧಕಗಳೂ, ಜಕಾಲಿನ್ ಎಂಬ ಲೆಕ್ಟಿನ್ನೂ ಅದರಲ್ಲಿವೆ. ಚೆನ್ನಾಗಿ ಬೇಯಿಸಿದರೆ ಆ ದೋಷ ಹೋಗುತ್ತದೆ. ಬೇಯಿಸಿ, ಜಜ್ಜಿ, ಒಣಗಿಸಿದರೆ ನುಚ್ಚಿನ ಒಂದು ಪಾಲಿನ ಬದಲಿಗೆ ಬಳಸಬಹುದು. ಒಣಗಿಸುವುದೇ ಸಮಸ್ಯೆ, ಏಕೆಂದರೆ ಹಲಸಿನ ಕಾಲದಲ್ಲಿ ನಮ್ಮಲ್ಲಿ ಸೂರ್ಯನೇ ಇರುವುದಿಲ್ಲ! ಅಡುಗೆಮನೆಯ ಅಟ್ಟ ಒಂದು ದಾರಿ. ಅಡಿಕೆ ಒಣಗಿಸಲು ಕಟ್ಟಿ ಮಳೆಗಾಲದಲ್ಲಿ ಖಾಲಿ ಬಿದ್ದಿರುವ ಬಿಸಿಗಾಳಿಯ ಡ್ರೈಯರುಗಳು ಇನ್ನೊಂದು. ಇದ್ದವರು ಪ್ರಯತ್ನಿಸಿ ನೋಡಬಹುದು. ಗೇರುಹಣ್ಣಿನ ಹಿಪ್ಪೆ, ಕೊಬ್ಬರಿ ಹಿಂಡಿ ಅಲ್ಪ ಪ್ರಮಾಣದಲ್ಲಿ ನಡೆಯುತ್ತವೆ.

ಕಾಫಿ ಹಣ್ಣಿನ ಸಿಪ್ಪೆಯನ್ನು ಕೋಳಿಗೆ ಕೊಡಬಹುದೆ ಎಂದು ಚಿಕ್ಕಮಗಳೂರು ಕಡೆಯ ವಿದ್ಯಾರ್ಥಿಗಳು ಕೇಳಬಹುದು. 1970ರ ದಶಕದಲ್ಲೇ ಗ್ವಾಟೆಮಾಲಾದ ಪೋಷಣಾ ಸಂಸ್ಥೆಯವರು ಕಾಫಿ ಸಿಪ್ಪೆಯನ್ನು ಪ್ರಾಣಿಗಳ ಮೇವಾಗಿಸುವ ಬಗ್ಗೆ ಸಾಕಷ್ಟು ಶ್ರಮಿಸಿದ್ದರು. ಕೆಫೀನ್, ಟ್ಯಾನಿನ್, ನಾರು ಮೂರೂ ಅಡ್ಡ ಬರುತ್ತವೆ. ಕಾಫಿ ಸಿಪ್ಪೆಗೂ ಅಡಿಕೆ ಸಿಪ್ಪೆಗೂ ಗೊಬ್ಬರಗುಂಡಿಯೇ ಸರಿಯಾದ ಜಾಗ. ಆ ಗುಂಡಿಯಲ್ಲಿ ಹುಟ್ಟುವ ಹುಳುವನ್ನು ಕೋಳಿ ಕೆದಕಿ ತಿನ್ನಲಿ, ಅದು ಬೇರೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಬೂಷ್ಟಿನದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ಟರ್ಕಿ ಎಕ್ಸ್ ರೋಗವೆಂದು ಕರೆದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ, ಅದರ ಮೇಲೆ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ, ಅದು ಸ್ರವಿಸಿದ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆ ಶಿಲೀಂಧ್ರದ ಹೆಸರಿನಿಂದಲೇ. ಬೇಯಿಸಿದರೂ ಹುರಿದರೂ ಈ ವಿಷ ಸುಲಭವಾಗಿ ನಾಶವಾಗುವುದಿಲ್ಲ. ಕೋಳಿಯ ಯಕೃತ್ತು ಕೆಡುತ್ತದೆ. ಅದೇ ಹಿಂಡಿ ತಿಂದ ಹಸುವಿನ ಹಾಲಿನ ಮೂಲಕ ಮನೆಯ ಮಕ್ಕಳಿಗೂ ಬರುತ್ತದೆ. ನಾಲ್ಕು ತಿಂಗಳು ಗೋಡೆಯೂ ಬೆವರುವ ಊರುಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ, ಹಿಂಡಿಗಳನ್ನು 'ಹೇಗೂ ಕೋಳಿಗಲ್ಲವೆ' ಎಂದು ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಆ ಅಭ್ಯಾಸ ಇಂದೇ ನಿಲ್ಲಬೇಕು. ಬೂಷ್ಟು ಹಿಡಿದದ್ದು ಯಾರ ಪಾಲೂ ಅಲ್ಲ, ಮಣ್ಣಿನ ಪಾಲು.

ಮರಿಗಳ ಮೊದಲ ಐದಾರು ವಾರ ಪ್ರಯೋಗ ಬೇಡ. ಒಳ್ಳೆಯ ಮರಿಮೇವು ತಂದು ಹಾಕುವುದೇ ಲೇಸು. ಆಮೇಲೆ ಹಿತ್ತಿಲಿಗೆ ಬಿಟ್ಟ ಕೋಳಿಗೆ ಸಂಜೆ ಗೂಡು ಸೇರುವ ಮುನ್ನ ಕೊಡುವ ಮೇವಿನಲ್ಲಿ ಐದು ಪಾಲು ನುಚ್ಚು ಅಥವಾ ಒಡೆದ ಕಾಳು, ಎರಡು ಪಾಲು ಜಾಲಿಸಿದ ತೌಡು, ಎರಡು ಪಾಲಿಗಿಂತ ತುಸು ಹೆಚ್ಚು ಒಣಗಿದ, ಬೂಷ್ಟಿಲ್ಲದ ಶೇಂಗಾ ಹಿಂಡಿ, ಉಳಿದಂತೆ ಚಿಪ್ಪಿನ ಪುಡಿ ಮತ್ತು ಖನಿಜ ಮಿಶ್ರಣ ಇದ್ದರೆ ಸಸಾರಜನಕ ಶೇ. 16ರ ಹತ್ತಿರ ನಿಲ್ಲುತ್ತದೆ. ಮಿಕ್ಕದ್ದನ್ನು ಅದು ಕೆದಕಿ ಸಂಪಾದಿಸಿಕೊಳ್ಳುತ್ತದೆ. ಎರಡು ಕಿಲೋ ತೂಗಲು ಮೂರು ತಿಂಗಳು ದಾಟುತ್ತದೆ. ಕೊಕ್ಕರೆ ರೋಗದ ಲಸಿಕೆಯನ್ನು ಮಾತ್ರ ಮರೆಯುವಂತಿಲ್ಲ.

ಈಗಾಗಲೇ ಶೆಡ್ಡು ಕಟ್ಟಿಸಿ ಸಾಲದಲ್ಲಿರುವವರಿಗೆ ಈ ಐವತ್ತು ಕೋಳಿಯ ಮಾತು ಹಾಸ್ಯದಂತೆ ಕಂಡೀತು. ಅವರ ಕಂತು ಇದರಿಂದ ತೀರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇನ್ನೂ ಕಟ್ಟಿಸದವರು, ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ, ಮೇವನ್ನು ಬೆರೆಸುವ ಹಕ್ಕು ಯಾರದೆಂಬ ಒಂದು ಸಾಲನ್ನಾದರೂ ಅದರಲ್ಲಿ ಹುಡುಕಿ ಓದಲಿ. ಗ್ರಾಮಸಭೆಯಲ್ಲಿ ಶೆಡ್ಡಿನ ಪರವಾನಗಿಯ ವಿಷಯ ಬಂದಾಗ ವಾಸನೆ, ನೊಣಗಳ ಜತೆಗೆ ಮೇವು ಎಲ್ಲಿಂದ, ಗೊಬ್ಬರ ಎಲ್ಲಿಗೆ ಎಂಬ ಎರಡು ಪ್ರಶ್ನೆಗಳೂ ನಡಾವಳಿ ಪುಸ್ತಕದಲ್ಲಿ ಬರೆಯಲ್ಪಡಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವನ್ನು ಒಪ್ಪಿಸುತ್ತಿದ್ದೇವೆ. ಈ ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ನಿಮ್ಮ ಊರಿನ ಗಿರಣಿಗೆ ಬಂದ ಭತ್ತವೆಷ್ಟು, ಅದರಿಂದ ಹೊರಟ ತೌಡು, ನುಚ್ಚು, ಉಮಿಗಳೆಷ್ಟು, ಅವು ಯಾರ ಮನೆಯ ಕೊಟ್ಟಿಗೆಗೆ, ಯಾವ ಲಾರಿಗೆ ಹೋದವು ಎಂಬುದನ್ನು ತಿಂಗಳಿಗೊಮ್ಮೆ ಕೇಳಿ ಬರೆದಿಡಿ. ಹಲಸಿನ ಕಾಲದಲ್ಲಿ ಹತ್ತು ಮರಗಳನ್ನು ಆರಿಸಿಕೊಂಡು ಮರದಡಿ ಕೊಳೆತ ಹಣ್ಣುಗಳನ್ನು ಎಣಿಸಿ. ಗದ್ದೆ ತೋಟವಾದ ಸರ್ವೆ ನಂಬರುಗಳನ್ನು ಪಕ್ಕದಲ್ಲಿ ಗುರುತಿಸಿ. ಲೆಕ್ಕ ಒರಟಾಗಿದ್ದರೂ ಸರಿ, ಊರಿನ ಹೆಸರು, ತಾಲ್ಲೂಕು ಸೇರಿಸಿ ನಮಗೆ ಕಳುಹಿಸಿ. ಬಂದದ್ದನ್ನು ಬಂದಂತೆ ಪ್ರಕಟಿಸುತ್ತೇವೆ.